ಪದ ಪರಿಚಯ: ಪಾಸ್‌ವರ್ಡ್ ಪಾಲಿಸಿ

ಆನ್‌ಲೈನ್ ಗೇಮ್‌ಗೆ ಖಾತೆ ತೆರೆಯುವಾಗ "ಕನಿಷ್ಠ 8 ಅಕ್ಷರ ಇರಲಿ, ಒಂದು ಅಂಕಿ ಇರಲಿ" ಅಂತ ಬರುತ್ತದೆ ಅಲ್ವಾ? ಆ ಷರತ್ತುಗಳೇ ಪಾಸ್‌ವರ್ಡ್ ಪಾಲಿಸಿ. ಷರತ್ತು ಪೂರೈಸುವವರೆಗೂ ಮುಂದಕ್ಕೆ ಬಿಡದಿದ್ದರೆ ಪಾಲಿಸಿ ಜಾರಿಯಲ್ಲಿದೆ ಎಂದರ್ಥ.

ಕಲಬುರಗಿಯ ಹುಡುಗನೊಬ್ಬ ಗುಲ್ಬರ್ಗಾ@123 ಅಂತ ಇಟ್ಟ ಅಂದುಕೊಳ್ಳಿ. ಇಂಗ್ಲಿಷಿನಲ್ಲಿ ಮೊದಲಿನ ಜಿ ದೊಡ್ಡದು, ಉಳಿದವು ಸಣ್ಣವು. ಚಿಹ್ನೆ ಇದೆ, ಅಂಕಿ ಇದೆ, ಒಟ್ಟು 12 ಅಕ್ಷರ. ಹಳೇ ಥರದ ಪಾಲಿಸಿ ಇದನ್ನು ಸುಮ್ನೆ ಪಾಸ್ ಮಾಡಿಬಿಡುತ್ತದೆ. ಆದರೆ ಊರಿನ ಹೆಸರು, ಒಂದು @, ಕೊನೆಗೆ 123 ಅನ್ನುವ ಜೋಡಣೆ ಪಾಸ್‌ವರ್ಡ್ ಮುರಿಯುವವರಿಗೆ ಬಾಯಿಪಾಠ. 2014ರಲ್ಲಿ ಊರಿನ ಹೆಸರು ಬದಲಾಯಿತು ಅಂತ ಕಲಬುರಗಿ@585101 ಮಾಡಿದರೂ ಅಷ್ಟೇ. ಪಿನ್‌ಕೋಡ್, ಊರಿನ ಗಾಡಿಗಳ ನಂಬರಿನ ಕೆಎ32 ಇವೆಲ್ಲ ಯಾರಿಗೆ ಗೊತ್ತಿಲ್ಲ?

ಅದಕ್ಕೇ ತಾಂತ್ರಿಕ ಮಾನದಂಡ ರೂಪಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ನಿಸ್ಟ್ 2017ರಲ್ಲಿ ತನ್ನ ಮಾರ್ಗಸೂಚಿ ಬದಲಿಸಿತು. ಚಿಹ್ನೆ, ದೊಡ್ಡಕ್ಷರ ಬೇಕೇ ಬೇಕು ಅನ್ನಬೇಡಿ, ಕಾರಣವಿಲ್ಲದೆ ಆಗಾಗ ಬದಲಿಸಲು ಹೇಳಬೇಡಿ, ಈಗಾಗಲೇ ಸೋರಿಹೋದ ಪಾಸ್‌ವರ್ಡ್‌ಗಳ ಪಟ್ಟಿಯಲ್ಲಿದ್ದರೆ ಒಪ್ಪಬೇಡಿ ಅಂದಿತು. ನನ್ನ ಪ್ರಕಾರ ಗೇಮಿಂಗ್ ಕಂಪನಿಗಳಿಗೆ ಈ ಕೊನೆಯದೇ ಎಲ್ಲಕ್ಕಿಂತ ಮುಖ್ಯ. ಒಂದು ಕಡೆ ಸೋರಿದ ಪಾಸ್‌ವರ್ಡನ್ನೇ ಕಳ್ಳರು ಬೇರೆ ಕಡೆಯೂ ಹಾಕಿ ನೋಡುತ್ತಾರೆ. ದುಡ್ಡು ಕೊಟ್ಟು ಕೊಂಡ ಸ್ಕಿನ್ (ಗೇಮ್ ಪಾತ್ರದ ವೇಷ), ಡೈಮಂಡ್ (ಗೇಮ್ ಒಳಗಿನ ನಾಣ್ಯ) ಹೀಗೂ ಹೋಗುತ್ತವೆ.

ಹೊಸ ಖಾತೆಗೆ ನಿಯಮ ಹಾಕುವುದು ಸುಲಭ. ಕಷ್ಟ ಇರುವುದು ಹಳೇ ಖಾತೆಗಳಲ್ಲಿ. ಸರಿಯಾಗಿ ನಡೆಯುವ ಕಂಪನಿ ನಿಮ್ಮ ಪಾಸ್‌ವರ್ಡನ್ನು ಇದ್ದ ಹಾಗೇ ಇಟ್ಟುಕೊಳ್ಳುವುದಿಲ್ಲ. ಅದನ್ನು ಅರೆದು, ಹ್ಯಾಶ್ ಅನ್ನುವ ಅಕ್ಷರಮಾಲೆ ಮಾಡಿ ಇಡುತ್ತದೆ. ಹ್ಯಾಶ್ ನೋಡಿ ಮೂಲ ಎಷ್ಟು ಉದ್ದ ಇತ್ತು ಅಂತ ಹೇಳಲು ಬರುವುದಿಲ್ಲ. ಹಾಗಾಗಿ ಎರಡೇ ದಾರಿ. ನೀವು ಮುಂದಿನ ಸಲ ಲಾಗಿನ್ ಆಗಲು ಪಾಸ್‌ವರ್ಡ್ ಒತ್ತಿದ ಆ ಕ್ಷಣದಲ್ಲೇ ಪರೀಕ್ಷಿಸಿ, ಸಾಲದಿದ್ದರೆ ಬದಲಿಸಿ ಅನ್ನಬೇಕು. ಇಲ್ಲವೇ ಎಲ್ಲರೂ ಒಟ್ಟಿಗೆ ಬದಲಿಸುವಂತೆ ಮಾಡಬೇಕು. ಸೋನಿ ಎರಡನೆಯದನ್ನು ಮಾಡಿತ್ತು. 2011ರ ಏಪ್ರಿಲ್‌ನಲ್ಲಿ ಅದರ ಆನ್‌ಲೈನ್ ಗೇಮ್ ಸೇವೆ ಪ್ಲೇಸ್ಟೇಷನ್ ನೆಟ್‌ವರ್ಕ್‌ಗೆ ಕನ್ನ ಬಿದ್ದು ಸುಮಾರು 7.7 ಕೋಟಿ ಖಾತೆಗಳ ಮಾಹಿತಿ ಅಪಾಯಕ್ಕೆ ಸಿಕ್ಕಿತು. ಸೇವೆ ಮತ್ತೆ ಶುರುವಾದಾಗ ಪಾಸ್‌ವರ್ಡ್ ಬದಲಿಸದೆ ಯಾರಿಗೂ ಒಳಗೆ ಪ್ರವೇಶ ಇರಲಿಲ್ಲ. ಅದನ್ನೂ ಆ ಖಾತೆ ಚಾಲೂ ಮಾಡಿದ್ದ ಪಿಎಸ್3 ಗೇಮ್ ಯಂತ್ರದಲ್ಲೇ ಬದಲಿಸಬೇಕಿತ್ತು, ಇಲ್ಲವೇ ನೋಂದಾಯಿಸಿದ ಇಮೇಲ್ ಮೂಲಕ.

ನಮ್ಮ ಕಡೆ ತೊಡಕಾಗುವುದು ಈ ಇಮೇಲ್‌ನಲ್ಲೇ. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಹೊಸ ಮೊಬೈಲ್ ಕೊಂಡಾಗ ಅಂಗಡಿಯವರೇ ಜಿಮೇಲ್ ಮಾಡಿಕೊಡುತ್ತಾರೆ. ಮನೆಯಲ್ಲಿ ಯಾರಿಗೂ ಅದರ ಪಾಸ್‌ವರ್ಡ್ ಗೊತ್ತಿರಲ್ಲ. ಗೇಮ್ ಕಂಪನಿ "ಪಾಸ್‌ವರ್ಡ್ ಬದಲಿಸಿ" ಅಂತ ಕಳಿಸಿದ ಲಿಂಕ್ ಆ ಜಿಮೇಲ್‌ಗೇ ಹೋಗುತ್ತದೆ. ಮೊಬೈಲ್ ಬದಲಾಗಿದ್ದರೆ ಖಾತೆಯ ನಿಜವಾದ ಒಡೆಯನೇ ಹೊರಗೆ. ನಿಯಮ ಬಿಗಿ ಮಾಡುವ ಕಂಪನಿ ಮೊದಲು ಕೆಲವು ವಾರ ಗೇಮ್ ಒಳಗೇ ಸೂಚನೆ ಕೊಟ್ಟು, ಇಮೇಲ್, ಫೋನ್ ನಂಬರ್ ಸರಿಮಾಡಿಕೊಳ್ಳಲು ಬಿಡಬೇಕು.