ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಆರ್ಕಿಡ್

ಏಪ್ರಿಲ್ ಬಿಸಿಲನ್ನು ಹೇಗೋ ತಡೆದುಕೊಂಡ ಆರ್ಕಿಡ್ ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಸಾಯುತ್ತದೆ. ಕಾರಣ ಬೇರಿನಲ್ಲಿದೆ.

ಕುಂಡದಿಂದ ಹೊರಗೆ ಜೋತುಬಿದ್ದ ಬೇರೊಂದನ್ನು ನೋಡಿ. ಒಣಗಿದ್ದಾಗ ಬೆಳ್ಳಿಯಂಥ ಬೂದಿ ಬಣ್ಣ. ನೀರು ಚಿಮುಕಿಸಿದರೆ ನೋಡನೋಡುತ್ತ ಹಸಿರಾಗುತ್ತದೆ. ಬೇರಿನ ಮೇಲಿರುವ ವೆಲಾಮೆನ್ ಎಂಬ ಹೊದಿಕೆ ಸತ್ತ ಜೀವಕೋಶಗಳ ಸ್ಪಂಜು. ಅದು ನೀರು ಕುಡಿದಾಗ ಒಳಗಿನ ಹಸಿರು ಕಾಣುತ್ತದೆ. ಕಾಡಿನಲ್ಲಿ ಮರದ ಕೊಂಬೆಗೆ ಅಂಟಿಕೊಂಡು, ಮಳೆ ನಿಂತೊಡನೆ ಗಾಳಿಗೆ ಒಣಗುವ ಬೇರು ಇದು. (ಆದರೂ ಇದು ಬಂದಳಿಕೆಯಲ್ಲ, ಮರದ ರಸ ಹೀರುವುದಿಲ್ಲ.) ಸ್ಪಂಜು ವಾರಗಟ್ಟಲೆ ತೋಯ್ದೇ ಇದ್ದರೆ ಬೇರಿಗೆ ಉಸಿರು ಸಿಗದೆ ಕೊಳೆಯುತ್ತದೆ. ಕೊಳೆತ ಬೇರನ್ನು ಬೆರಳಲ್ಲಿ ಒತ್ತಿ ಎಳೆದರೆ ಸಿಪ್ಪೆ ಜಾರಿ, ದಾರದಂಥ ಎಳೆಯೊಂದೇ ಕೈಗೆ ಬರುತ್ತದೆ.

ಹೀಗಾಗಿ ಎರೆ ಮಣ್ಣು ಬೇಡ, ಮಸಾರಿಯೂ ಬೇಡ. ಡೆಂಡ್ರೋಬಿಯಂ ಎಂಬ ಜಾತಿಯ ಆರ್ಕಿಡ್‌ಗೆ ಬದಿಯಲ್ಲೂ ತೂತಿರುವ ಸಣ್ಣ ಮಣ್ಣಿನ ಕುಂಡ ಸಾಕು. ಎರಡು ಪಾಲು ಇದ್ದಲು, ಎರಡು ಪಾಲು ಇಟ್ಟಿಗೆ ಚೂರು, ಒಂದು ಪಾಲು ತೆಂಗಿನ ಸಿಪ್ಪೆ. ಎಲ್ಲವೂ 2-3 ಸೆಂ.ಮೀ. ತುಂಡು. ಸಿಪ್ಪೆಯನ್ನು ಎರಡು-ಮೂರು ದಿನ ನೆನೆಸಿ, ಕಂದು ನೀರು ಚೆಲ್ಲಿ ಬಳಸಿ. ಗದಗದ ಒಣಹವೆಗೆ ಸಿಪ್ಪೆ ಎರಡು ಪಾಲಾದರೂ ನಡೆದೀತು, ಧಾರವಾಡದಲ್ಲಿ ಬೇಡ.

ಮಾರ್ಚ್‌ನಿಂದ ಮೇ ವರೆಗೆ ಶೇ. 50ರ ನೆರಳುಬಲೆ, ದಿನಾ ಬೆಳಿಗ್ಗೆ ನೀರು. ಮಳೆಗಾಲಕ್ಕೆ ತಗಡಿನ ಇಲ್ಲವೇ ಪ್ಲಾಸ್ಟಿಕ್ ಹಾಳೆಯ ಸೂರಿನಡಿ, ಗಾಳಿಯಾಡುವ ಕಡೆ ತೂಗುಹಾಕಿ. ಬೇರು ಬೂದಿಯಾದ ಮೇಲಷ್ಟೇ ನೀರು. ವಾರವಾದರೂ ಬೂದಿಯಾಗದಿದ್ದರೆ ಸುಮ್ಮನಿರಿ. ಸಂಜೆ ನೀರು ಹಾಕಿ ಎಲೆಯ ಬುಡದಲ್ಲಿ ಹನಿ ನಿಲ್ಲಿಸಿದರೆ ಫಲೆನಾಪ್ಸಿಸ್ ಎಂಬ ಜಾತಿಯ ಆರ್ಕಿಡ್‌ನ ಸುಳಿಯೇ ಕೊಳೆಯಬಹುದು.

ಹೊಸ ಚಿಗುರು ಬೆಳೆಯುವಾಗ ವಾರಕ್ಕೊಮ್ಮೆ ಲೀಟರ್ ನೀರಿಗೆ 1 ಗ್ರಾಂ 19:19:19 (ಸಾರಜನಕ, ರಂಜಕ, ಪೊಟ್ಯಾಶ್ ಸಮನಾಗಿರುವ, ನೀರಲ್ಲಿ ಕರಗುವ ಗೊಬ್ಬರ). ಮೊದಲು ಬರೀ ನೀರು, ಆಮೇಲೆ ಗೊಬ್ಬರ. ಒಣ ಸ್ಪಂಜು ಉಪ್ಪನ್ನು ನೇರವಾಗಿ ಹೀರಿ ಬೇರಿನ ತುದಿ ಸುಟ್ಟುಕೊಳ್ಳುತ್ತದೆ. ಬೋರ್‌ವೆಲ್ ನೀರು ಕುಂಡಕ್ಕೆ ಬಿಳಿ ಪೊರೆ ಕಟ್ಟಿಸಿದರೆ ಕೂಡಿಟ್ಟ ಮಳೆನೀರನ್ನು ಧಾರಾಳವಾಗಿ ಸುರಿದು ತೊಳೆಯಿರಿ. ಎಲೆ ಉದುರಿದ ಡೆಂಡ್ರೋಬಿಯಂ ಕಾಂಡ ಸತ್ತಿದೆಯೆಂದು ಕತ್ತರಿಸುವವರೇ ಹೆಚ್ಚು. ಸುಕ್ಕಿ ಒಣಗುವವರೆಗೆ ಅದು ಗಿಡದ ಉಗ್ರಾಣ, ಕೆಲವು ತಳಿಗಳಲ್ಲಿ ಹೂವೂ ಅದರಲ್ಲೇ.

ಲಿಲ್ಲಿಯ ವಿಷಯ ಬೇರೆ. ಅಂಗಡಿಯ ಏಷ್ಯಾಟಿಕ್, ಓರಿಯೆಂಟಲ್ ಗಡ್ಡೆಗಳು ಮತ್ತೆ ಹೂ ಬಿಡಲು ಕೆಲವು ವಾರ ಫ್ರಿಜ್‌ನಷ್ಟು ಚಳಿ ಬೇಕು. ನಮ್ಮ ಡಿಸೆಂಬರ್ ಅದಕ್ಕೆ ಸಾಲದು, ಒಂದು ಹೂವಿಗೇ ಮುಗಿದಂತೆ. ಅದರ ಬದಲು ಮಳೆಲಿಲ್ಲಿ ನೆಡಿ: ಗಡ್ಡೆಯಷ್ಟೇ ಮಣ್ಣೊಳಗೆ, ಕುತ್ತಿಗೆ ಮೇಲೆ. ಬೇಸಿಗೆಯಲ್ಲಿ ಕೆಲವು ವಾರ ನೀರು ನಿಲ್ಲಿಸಿ. ಮೊದಲ ಜೋರು ಮಳೆ ಬಿದ್ದ ನಾಲ್ಕೈದು ದಿನಕ್ಕೆ ಮೊಗ್ಗು ನೆಲ ಸೀಳಿ ಬರುತ್ತದೆ. ದಿನಾ ನೀರು ಕುಡಿದ ಕುಂಡದಲ್ಲಿ ಮಾತ್ರ ಬರೀ ಹುಲ್ಲಿನಂಥ ಎಲೆ.