ಕೆಟ್ಟ ಕಾರ್ಡಿಗೆ ಕರೆಂಟ್ ಕೊಡುವ ಮೊದಲು

ಆಯುಧಪೂಜೆಯ ರಜೆ ಮುಗಿದ ಬೆನ್ನಲ್ಲೇ ಪೀಣ್ಯ, ಬೊಮ್ಮಸಂದ್ರದ ಕಡೆಯ ಕಾರ್ಖಾನೆಗಳಿಂದ ರಿಪೇರಿಗೆ ಬರುವ ಎಲೆಕ್ಟ್ರಾನಿಕ್ ಕಾರ್ಡುಗಳಲ್ಲಿ ಬಹಳಷ್ಟರ ದೂರು ಒಂದೇ ಆಗಿರುತ್ತದೆ: ರಜೆಗೆ ಮುಂಚೆ ಚೆನ್ನಾಗಿಯೇ ಓಡುತ್ತಿತ್ತು, ಈಗ ಆನ್ ಆಗುತ್ತಿಲ್ಲ. ವರ್ಷಗಟ್ಟಲೆ ಹಗಲಿರುಳು ಚಾಲೂ ಇದ್ದ, ಮೋಟಾರಿನ ವೇಗವನ್ನು ನಿಯಂತ್ರಿಸುವ ಮೋಟಾರ್ ಡ್ರೈವ್ ನಾಲ್ಕು ದಿನ ತಣ್ಣಗೆ ಕೂತ ಮಾತ್ರಕ್ಕೆ ಏಳದೇ ಹೋಗುವುದಕ್ಕೆ ಸಾಮಾನ್ಯವಾಗಿ ಕಾರಣ, ವಿದ್ಯುತ್ತನ್ನು ಹಿಡಿದಿಡುವ, ಕೆಲವೇ ರೂಪಾಯಿ ಬೆಲೆಯ ಒಂದು ಕೆಪಾಸಿಟರ್. ಅದನ್ನು ಪತ್ತೆ ಹಚ್ಚುವ ಉಪಕರಣವೂ ದುಬಾರಿಯದಲ್ಲ. ಆದರೂ ಈ ಕೆಲಸಕ್ಕೆ ಹೊಸದಾಗಿ ಇಳಿಯುವವರು ಮೊದಲು ವಿಚಾರಿಸುವುದು ಯಾವ ಆಸಿಲೋಸ್ಕೋಪ್ (ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ತೋರಿಸುವ ಉಪಕರಣ) ಕೊಳ್ಳಬೇಕು, ಯಾವ ಥರ್ಮಲ್ ಕ್ಯಾಮೆರಾ ಒಳ್ಳೆಯದು ಎಂದು. ನನ್ನ ಮಟ್ಟಿಗೆ ಉಪಕರಣದ ಬೆಲೆಗಿಂತ ಅದನ್ನು ಬಳಸುವ ಸರದಿ ಮುಖ್ಯ. ಕರೆಂಟ್ ಇಲ್ಲದೆ ಮಾಡಬಹುದಾದ ಪರೀಕ್ಷೆಗಳೆಲ್ಲ ಮುಗಿಯುವ ತನಕ ಕೆಟ್ಟ ಕಾರ್ಡಿಗೆ ಕರೆಂಟ್ ಕೊಡಬಾರದು.

ಇದಕ್ಕೆ ಕಾರಣ ಸರಳವಾಗಿದೆ. ಮೋಟಾರಿಗೆ ಹೋಗುವ ಕರೆಂಟನ್ನು ಸ್ವಿಚ್ ಮಾಡುವ ಒಂದು ಐಜಿಬಿಟಿ ಶಾರ್ಟ್ ಆಗಿರುವ ಕಾರ್ಡಿಗೆ ಸಪ್ಲೈ ಕೊಟ್ಟರೆ ಅದನ್ನು ನಡೆಸುವ ಗೇಟ್ ಡ್ರೈವರ್ ಕೂಡ ಹೋಗಬಹುದು, ಟ್ರ್ಯಾಕ್ ಸುಟ್ಟು ಎದ್ದು ಬರಬಹುದು, ಆಮೇಲೆ ಮೂಲ ದೋಷ ಯಾವುದು, ನಾವೇ ತಂದುಕೊಂಡ ದೋಷ ಯಾವುದು ಎಂಬುದು ಬೇರ್ಪಡಿಸಲಾಗದಷ್ಟು ಕಲಸಿಹೋಗುತ್ತದೆ. ಕಾರ್ಡನ್ನು ಮುಟ್ಟುವ ಮೊದಲು ಮಾಡಬೇಕಾದ ಇನ್ನೊಂದು ಕೆಲಸವಿದೆ. 415 ವೋಲ್ಟ್ ಮೂರು ಫೇಸಿನ ಡ್ರೈವಿನ ಡಿಸಿ ಬಸ್ಸಿನಲ್ಲಿ, ಅಂದರೆ ಎಸಿಯಿಂದ ಮಾಡಿಕೊಂಡ ಡಿಸಿ ಹರಿಯುವ ಒಳಗಿನ ಲೈನಿನಲ್ಲಿ, ಸುಮಾರು 585 ವೋಲ್ಟ್ ಇರುತ್ತದೆ, ಸ್ವಿಚ್ ತೆಗೆದ ಮೇಲೂ ಅದು ದೊಡ್ಡ ಕೆಪಾಸಿಟರುಗಳಲ್ಲಿ ನಿಂತಿರುತ್ತದೆ. ಅದನ್ನು ಸ್ಕ್ರೂಡ್ರೈವರಿನಿಂದ ಚಟ್ಟೆಂದು ಶಾರ್ಟ್ ಮಾಡುವ ಅಭ್ಯಾಸ ಹಲವರಿಗಿದೆ. ರೆಸಿಸ್ಟರ್ ಮೂಲಕ ನಿಧಾನವಾಗಿ ಇಳಿಸಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆ ಮುಟ್ಟುವುದೇ ಸರಿಯಾದ ಕ್ರಮ.

ಮೊದಲ ಉಪಕರಣ ಮಲ್ಟಿಮೀಟರ್, ಅದರಲ್ಲೂ ಅದರ ಡಯೋಡ್ ರೇಂಜ್. ಕಾರ್ಡಿನಲ್ಲೇ ಇರುವ ರೆಸಿಸ್ಟರನ್ನು ಓಮ್ ರೇಂಜಿನಲ್ಲಿ ಅಳೆದರೆ ಅದಕ್ಕೆ ಸಮಾಂತರವಾಗಿರುವ ಉಳಿದೆಲ್ಲವೂ ಸೇರಿ ಸಿಗುವ ಅಂಕಿ ದಾರಿ ತಪ್ಪಿಸುವುದೇ ಹೆಚ್ಚು. ಡಯೋಡ್ ರೇಂಜಿನಲ್ಲಿ ಸಿಲಿಕಾನ್ ಜಂಕ್ಷನ್ 0.5ರಿಂದ 0.7 ವೋಲ್ಟ್, ಶಾಟ್ಕಿ ಡಯೋಡ್ 0.2ರ ಆಸುಪಾಸು ತೋರಿಸುತ್ತದೆ. ಕೆಂಪು ಪ್ರೋಬನ್ನು ಗ್ರೌಂಡಿಗೆ ಹಿಡಿದು ಕಪ್ಪು ಪ್ರೋಬನ್ನು ಐಸಿಯ ಒಂದೊಂದೇ ಪಿನ್ನಿಗೆ ಮುಟ್ಟಿಸುತ್ತಾ ಹೋದರೆ ಒಳಗಿನ ರಕ್ಷಣಾ ಡಯೋಡುಗಳ ಸ್ಥಿತಿ ತಿಳಿಯುತ್ತದೆ. ಆದರೆ ಈ ಅಂಕಿಗಳಿಗೆ ಒಂಟಿಯಾಗಿ ಹೆಚ್ಚಿನ ಅರ್ಥವಿಲ್ಲ. ಇನ್ನೊಂದರ ಪಕ್ಕ ಇಟ್ಟು ನೋಡಿದಾಗಲೇ ಅವು ಮಾತನಾಡುತ್ತವೆ. ಸರ್ಕ್ಯೂಟ್ ನಕ್ಷೆ ಕೈಗಾರಿಕಾ ಕಾರ್ಡುಗಳಿಗೆ ಸಿಗುವುದು ಅಪರೂಪ, ಅದೇ ಮಾದರಿಯ ಚೆನ್ನಾಗಿರುವ ಕಾರ್ಡ್ ಸಿಗುವುದು ಇನ್ನೂ ಅಪರೂಪ. ಆದರೂ ಹೋಲಿಕೆಗೆ ಬೇಕಾದ ಮಾದರಿ ಅನೇಕ ವೇಳೆ ಅದೇ ಕಾರ್ಡಿನಲ್ಲಿರುತ್ತದೆ. ಡ್ರೈವಿನಲ್ಲಿ ಯು, ವಿ, ಡಬ್ಲ್ಯು ಎಂಬ ಮೂರು ಫೇಸುಗಳ ಗೇಟ್ ಸರ್ಕ್ಯೂಟುಗಳು ಒಂದರ ಪಡಿಯಚ್ಚು ಇನ್ನೊಂದು. ಯಂತ್ರಗಳನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರಾದ ಪಿಎಲ್‌ಸಿಯ ಔಟ್‌ಪುಟ್ ಕಾರ್ಡಿನಲ್ಲಿ ಎಂಟೋ ಹದಿನಾರೋ ಒಂದೇ ರೀತಿಯ ಚಾನೆಲುಗಳಿರುತ್ತವೆ. ಅವುಗಳಲ್ಲಿ ಎರಡು ಒಂದೇ ಅಂಕಿ ಹೇಳಿ ಮೂರನೆಯದು ಬೇರೆ ಹೇಳಿದರೆ ಹುಡುಕಾಟವನ್ನು ಅಲ್ಲಿಂದಲೇ ಆರಂಭಿಸಬಹುದು.

ಇದೇ ತತ್ತ್ವವನ್ನು ಯಂತ್ರದ ರೂಪಕ್ಕೆ ತಂದಿರುವುದು ವಿ-ಐ ಟ್ರೇಸರ್. ಅಮೆರಿಕದ ಹಂಟ್ರಾನ್, ಇಂಗ್ಲೆಂಡಿನ ಎಬಿಐ, ನಮ್ಮ ಚೆನ್ನೈನ ಕ್ಯೂಮ್ಯಾಕ್ಸ್ ಕಂಪನಿಗಳು ಇದರಲ್ಲಿ ಹೆಸರು ಮಾಡಿವೆ. ಕರೆಂಟ್ ಇಲ್ಲದ ಕಾರ್ಡಿನ ಎರಡು ಬಿಂದುಗಳ ನಡುವೆ, ಪ್ರವಾಹಕ್ಕೆ ಮಿತಿ ಹಾಕಿದ ಸಣ್ಣ ಎಸಿ ವೋಲ್ಟೇಜನ್ನು ಕೊಟ್ಟು, ವೋಲ್ಟೇಜನ್ನು ಅಡ್ಡಕ್ಕೂ ಕರೆಂಟನ್ನು ಉದ್ದಕ್ಕೂ ಪರದೆಯ ಮೇಲೆ ಬರೆಯುವುದು ಇದರ ಕೆಲಸ. ಓಪನ್ ಇದ್ದರೆ ಅಡ್ಡಗೆರೆ, ಶಾರ್ಟ್ ಇದ್ದರೆ ನೆಟ್ಟಗೆ ನಿಂತ ಗೆರೆ, ರೆಸಿಸ್ಟರಿಗೆ ಓರೆಗೆರೆ, ಕೆಪಾಸಿಟರಿಗೆ ಮೊಟ್ಟೆಯಾಕಾರದ ಬಳೆ, ಡಯೋಡಿಗೆ ಮೊಣಕಾಲು ಮಡಚಿದಂಥ ಗೆರೆ ಮೂಡುತ್ತದೆ. ಮಲ್ಟಿಮೀಟರಿಗೆ ಕಾಣದ ದೋಷ ಇಲ್ಲಿ ಕಾಣುತ್ತದೆ: ಸೋರುವ ಜಂಕ್ಷನ್ನಿನಲ್ಲಿ ಮೊಣಕಾಲಿನ ಮೂಲೆ ಚೂಪಾಗಿರುವ ಬದಲು ದುಂಡಗಾಗುತ್ತದೆ. ಡಯೋಡ್ ರೇಂಜಿನಲ್ಲಿ ಅದೇ ಬಿಂದು 0.58ರ ಜಾಗದಲ್ಲಿ 0.55 ತೋರಿಸಿದರೆ ಯಾರೂ ಅನುಮಾನಿಸುವುದಿಲ್ಲ. ಎರಡು ಫೇಸುಗಳ ಗೆರೆಗಳನ್ನು ಒಂದರ ಮೇಲೊಂದು ಇಟ್ಟಾಗ ಮಾತ್ರ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಹಣ ಕೂಡಿಸಿ ಒಂದೇ ಒಂದು ದೊಡ್ಡ ಉಪಕರಣ ಕೊಳ್ಳುವುದಾದರೆ ಇದನ್ನೇ ಕೊಳ್ಳಿ ಎಂಬುದು ನನ್ನ ಸಲಹೆ. ತೇವ ತಡೆಯಲು ಬಳಿದ ಕೋಟಿಂಗ್ ಇರುವ ಕಾರ್ಡುಗಳಲ್ಲಿ ಮಾತ್ರ ಸೂಜಿಮೊನೆಯ ಪ್ರೋಬ್ ಬಳಸಿ ಆ ಪದರವನ್ನು ಚುಚ್ಚಿಯೇ ಅಳೆಯಬೇಕು, ಇಲ್ಲದಿದ್ದರೆ ಎಲ್ಲವೂ ಓಪನ್ ಎಂದೇ ತೋರುತ್ತದೆ.

ಈಗ ರಜೆಯ ನಂತರ ಏಳದ ಡ್ರೈವಿಗೆ ಬರೋಣ. ಇಂಥ ಡ್ರೈವುಗಳ ಒಳಗಿನ ಸಣ್ಣ ಪವರ್ ಸಪ್ಲೈಯಲ್ಲಿ ಯುಸಿ3842 ಅಥವಾ 3844 ಐಸಿ ಬಹಳ ಸಾಮಾನ್ಯ. ಅದರ ಸಪ್ಲೈ ಪಿನ್ 16 ವೋಲ್ಟ್ ತಲುಪಿದಾಗ ಐಸಿ ಎಚ್ಚರಗೊಳ್ಳುತ್ತದೆ, 10 ವೋಲ್ಟಿಗೆ ಇಳಿದರೆ ನಿಲ್ಲುತ್ತದೆ. ಎಚ್ಚರವಾದ ಕ್ಷಣದಿಂದ ಟ್ರಾನ್ಸ್‌ಫಾರ್ಮರಿನ ಸಹಾಯಕ ಸುತ್ತು ತಾನೇ ಸಪ್ಲೈ ಕೊಡಲು ಶುರು ಮಾಡುವವರೆಗೆ ಐಸಿಯನ್ನು ನಡೆಸುವುದು ಹತ್ತಾರು ಮೈಕ್ರೋಫ್ಯಾರಡ್‌ನ ಒಂದು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ಬಿಸಿಯ ನಡುವೆ ವರ್ಷಗಟ್ಟಲೆ ಕುಳಿತು ಅದು ಒಣಗಿರುತ್ತದೆ. ಉಷ್ಣಾಂಶ ಪ್ರತಿ 10 ಡಿಗ್ರಿ ಏರಿದಾಗ ಇಂಥ ಕೆಪಾಸಿಟರಿನ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಲ್ಲರೂ ಬಳಸುವ ಲೆಕ್ಕ. ಡ್ರೈವ್ ನಿಲ್ಲದೆ ಓಡುತ್ತಿರುವಾಗ ಈ ದೌರ್ಬಲ್ಯ ಹೊರಬೀಳುವುದಿಲ್ಲ, ಏಕೆಂದರೆ ಆಗ ಸಹಾಯಕ ಸುತ್ತು ಬಿಡದೆ ಸಪ್ಲೈ ಕೊಡುತ್ತಿರುತ್ತದೆ. ತಣ್ಣಗಾದ ಮೇಲೆ ಹೊಸದಾಗಿ ಎದ್ದೇಳಬೇಕಾದಾಗ ಮಾತ್ರ ಕೆಪಾಸಿಟರಿನ ಬಲ ಸಾಲದೆ ಬರುತ್ತದೆ. ಐಸಿ ಎಚ್ಚರಗೊಂಡು, ಸೋತು, ಮತ್ತೆ ಎಚ್ಚರಗೊಳ್ಳುವ ಟಿಕ್ ಟಿಕ್ ಸದ್ದು ಕೆಲವು ಕಾರ್ಡುಗಳಲ್ಲಿ ಕಿವಿಗೇ ಕೇಳಿಸುತ್ತದೆ. ಸ್ಕೋಪಿನಲ್ಲಿ 10 ಮತ್ತು 16 ವೋಲ್ಟಿನ ನಡುವೆ ಗರಗಸದ ಹಲ್ಲುಗಳು ಕಾಣುತ್ತವೆ.

ಆದರೆ ಸ್ಕೋಪ್ ತನಕ ಹೋಗುವ ಅಗತ್ಯವೇ ಇಲ್ಲ. ಇಎಸ್‌ಆರ್ ಮೀಟರ್ ಸುಮಾರು 100 ಕಿಲೋಹರ್ಟ್ಜ್‌ನಲ್ಲಿ ಕೆಪಾಸಿಟರಿನ ಒಳರೋಧವನ್ನು ಅಳೆಯುತ್ತದೆ, ಅದು ಬಳಸುವ ವೋಲ್ಟೇಜ್ ಜಂಕ್ಷನ್ನುಗಳು ತೆರೆಯದಷ್ಟು ಚಿಕ್ಕದಾದ್ದರಿಂದ ಬಿಚ್ಚದೆಯೇ ಅಳೆಯಬಹುದು. ಒಂದು ಓಮಿನ ಆಸುಪಾಸು ಇರಬೇಕಾದಲ್ಲಿ ಹತ್ತಿಪ್ಪತ್ತು ಓಮ್ ತೋರಿಸಿದರೆ ಅಲ್ಲಿಗೆ ಪತ್ತೆ ಮುಗಿಯಿತು. ಸಾಮಾನ್ಯ ಕೆಪಾಸಿಟೆನ್ಸ್ ಮೀಟರಿನಲ್ಲಿ ಇದೇ ಬಿಡಿಭಾಗ ಪಾಸಾಗಿಬಿಡುವುದೂ ಉಂಟು. ಎರಡು ಎಚ್ಚರಿಕೆಗಳು ಬೇಕು. ಪೂರ್ತಿ ಶಾರ್ಟ್ ಆದ ಕೆಪಾಸಿಟರ್ ಈ ಮೀಟರಿನಲ್ಲಿ ಅತ್ಯುತ್ತಮವೆಂದು ಕಾಣುತ್ತದೆ, ಹಾಗಾಗಿ ಡಯೋಡ್ ರೇಂಜಿನ ಪರೀಕ್ಷೆ ಮೊದಲೇ ಆಗಿರಬೇಕು. ಸಮಾಂತರವಾಗಿ ನಾಲ್ಕಾರು ಕೆಪಾಸಿಟರುಗಳಿದ್ದರೆ ಒಳ್ಳೆಯವು ಕೆಟ್ಟದ್ದನ್ನು ಮುಚ್ಚಿಹಾಕುತ್ತವೆ. ಟಿಕ್ ಟಿಕ್ ಸದ್ದಿಗೆ ಔಟ್‌ಪುಟ್ ಬದಿಯ ಡಯೋಡ್ ಶಾರ್ಟ್ ಆಗಿರುವುದೂ ಕಾರಣವಾಗಬಹುದಾದ್ದರಿಂದ ಅದನ್ನೂ ಕೈಬಿಡುವಂತಿಲ್ಲ.

ಸಪ್ಲೈ ಲೈನೊಂದು ಗ್ರೌಂಡಿಗೆ ಶಾರ್ಟ್ ಆಗಿ, ಅದರ ಮೇಲೆ ಐವತ್ತು ಸಣ್ಣ ಸೆರಾಮಿಕ್ ಕೆಪಾಸಿಟರುಗಳಿದ್ದರೆ ಯಾವುದು ಕೆಟ್ಟಿದೆ ಎಂದು ಹುಡುಕುವುದು ಬೇರೆಯೇ ಬಗೆಯ ಕೆಲಸ. ವೋಲ್ಟೇಜನ್ನು 1 ವೋಲ್ಟಿಗೂ ಕರೆಂಟನ್ನು ಮೊದಲಿಗೆ ಅರ್ಧ ಆಂಪಿಯರಿಗೂ ಮಿತಿಗೊಳಿಸಿದ ಬೆಂಚ್ ಸಪ್ಲೈಯಿಂದ ಆ ಲೈನಿಗೆ ಕರೆಂಟ್ ತಳ್ಳಿದರೆ ಕೆಟ್ಟ ಬಿಡಿಭಾಗ ಬಿಸಿಯಾಗುತ್ತದೆ. ಥರ್ಮಲ್ ಕ್ಯಾಮೆರಾ ಇಲ್ಲದವರು ಐಸೋಪ್ರೊಪೈಲ್ ಆಲ್ಕೋಹಾಲ್ ಸವರಿ ಮೊದಲು ಎಲ್ಲಿ ಆರುತ್ತದೆಂದು ನೋಡಬಹುದು. ಕ್ಯಾಮೆರಾಗೂ ಮಿತಿಯಿದೆ. ಹೊಳೆಯುವ ಬೆಸುಗೆ ಮತ್ತು ಲೋಹದ ಮೈ ತಮ್ಮ ನಿಜವಾದ ಬಿಸಿಯನ್ನು ತೋರಿಸುವುದಿಲ್ಲ. ಅಲ್ಲದೆ 10 ಮಿಲಿಓಮಿನ ಗಟ್ಟಿ ಶಾರ್ಟಿನಲ್ಲಿ 2 ಆಂಪಿಯರ್ ಹರಿದರೂ ಹುಟ್ಟುವ ಶಾಖ 40 ಮಿಲಿವ್ಯಾಟ್ ಮಾತ್ರ, ಅದು ಕ್ಯಾಮೆರಾದಲ್ಲಿ ಎದ್ದು ಕಾಣುವುದು ಕಷ್ಟ. ಇಂಥಲ್ಲಿ ನಾಲ್ಕು ತಂತಿಯ ಮಿಲಿಓಮ್ ಮೀಟರ್ ನೆರವಿಗೆ ಬರುತ್ತದೆ. 35 ಮೈಕ್ರಾನ್ ದಪ್ಪದ ತಾಮ್ರದಲ್ಲಿ ಕಾಲು ಮಿಲಿಮೀಟರ್ ಅಗಲದ ಟ್ರ್ಯಾಕ್ ಒಂದು ಸೆಂಟಿಮೀಟರಿಗೆ ಸುಮಾರು 20 ಮಿಲಿಓಮ್ ತೋರಿಸುತ್ತದೆ. ಮಲ್ಟಿಮೀಟರಿಗೆ ಇದು ಸೊನ್ನೆಯೇ, ಆದರೆ ಮಿಲಿಓಮ್ ಮೀಟರ್ ಹಿಡಿದು ಟ್ರ್ಯಾಕಿನ ಗುಂಟ ಸರಿದರೆ ಅಂಕಿ ಇಳಿಯುತ್ತಾ ಇಳಿಯುತ್ತಾ ಶಾರ್ಟಿನ ಬುಡಕ್ಕೇ ಕರೆದೊಯ್ಯುತ್ತದೆ.

ಇಷ್ಟೆಲ್ಲ ಆದ ಮೇಲೆ ಕರೆಂಟ್ ಕೊಡಬಹುದು, ಅದೂ ಸೀರೀಸ್ ಲ್ಯಾಂಪಿನ ಮೂಲಕ, ಅಂದರೆ ಸಪ್ಲೈಯ ದಾರಿಯಲ್ಲಿ ಸರಣಿಯಾಗಿ ಸಿಕ್ಕಿಸಿದ ಬಲ್ಬಿನ ಮೂಲಕ. 60 ಅಥವಾ 100 ವ್ಯಾಟಿನ ಹಳೆಯ ತಂತಿಯ ಬಲ್ಬ್ ಕ್ಷಣಕಾಲ ಬೆಳಗಿ ಮಂದವಾದರೆ ಮುಂದುವರಿಯಬಹುದು, ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಇನ್ನೂ ಶಾರ್ಟ್ ಇದೆ. ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗದು. ಸಪ್ಲೈಯ ಮೇನ್ಸ್ ಬದಿಯಲ್ಲಿ ಸ್ಕೋಪಿನ ಗ್ರೌಂಡ್ ಕ್ಲಿಪ್ ಸಿಕ್ಕಿಸಿದರೆ ಭೂಮಿಗೆ ನೇರ ಶಾರ್ಟ್ ಆಗುತ್ತದೆ. ಅದನ್ನು ತಪ್ಪಿಸಲು ಸ್ಕೋಪಿನ ಅರ್ಥ್ ಪಿನ್ ಕತ್ತರಿಸುವುದು ಜೀವಕ್ಕೇ ಅಪಾಯ, ಏಕೆಂದರೆ ಆಗ ಸ್ಕೋಪಿನ ಇಡೀ ಲೋಹದ ಮೈಗೆ ಲೈನ್ ಬರುತ್ತದೆ. ಗ್ರೌಂಡ್ ಸಿಕ್ಕಿಸದೆಯೇ ಎರಡು ಬಿಂದುಗಳ ನಡುವಿನ ವೋಲ್ಟೇಜ್ ಅಳೆಯುವ ಡಿಫರೆನ್ಷಿಯಲ್ ಪ್ರೋಬ್ ಕೊಳ್ಳಬೇಕು, ಇಲ್ಲವೇ ಕಾರ್ಡಿಗೆ ಮೇನ್ಸಿನಿಂದ ಬೇರ್ಪಡಿಸುವ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಮೂಲಕ ಸಪ್ಲೈ ಕೊಡಬೇಕು.

ಪಿನ್ನುಗಳು ಹೊಟ್ಟೆಯಡಿ ಅಡಗಿರುವ ಬಿಜಿಎ ಐಸಿಗಳಲ್ಲಿ ಈ ಪ್ರೋಬುಗಳಾವುವೂ ನಾಟುವುದಿಲ್ಲ. ಪ್ರೋಬ್ ನಾಟದ ಇಂಥ ಜೋಡಣೆಗಳನ್ನು ಐಸಿಯ ಒಳಗಿನಿಂದಲೇ ಪರೀಕ್ಷಿಸಲು 1990ರಲ್ಲಿ ಐಟ್ರಿಪಲ್‌ಇ 1149.1 ಎಂಬ ಮಾನದಂಡ, ಅಂದರೆ ಜೆಟ್ಯಾಗ್, ಬಂತು. ಬೆಸುಗೆಯ ಗುಣ ನೋಡಲು ಎಕ್ಸ್-ರೇ ಯಂತ್ರಗಳಿವೆ. ಸಣ್ಣ ರಿಪೇರಿ ಅಂಗಡಿಗೆ ಎರಡನೆಯದು ಎಟುಕುವುದಿಲ್ಲ, ಮೊದಲನೆಯದಕ್ಕೆ ತಯಾರಕರ ಮಾಹಿತಿ ಬೇಕು, ಆದ್ದರಿಂದ ಅಂಥ ಕಾರ್ಡನ್ನು ಒಪ್ಪಿಕೊಳ್ಳುವ ಮೊದಲೇ ಗಿರಾಕಿಗೆ ಪರಿಸ್ಥಿತಿಯನ್ನು ತಿಳಿಸುವುದು ಒಳ್ಳೆಯದು.

ಡಿಸ್‌ಪ್ಲೇ ಬಂದಿತೆಂದು ಡ್ರೈವನ್ನು ಪ್ಯಾಕ್ ಮಾಡುವಂತಿಲ್ಲ. ಮೋಟಾರ್ ಜೋಡಿಸಿ, ಕ್ಲ್ಯಾಂಪ್ ಮೀಟರಿನಲ್ಲಿ ಮೂರೂ ಫೇಸಿನ ಕರೆಂಟ್ ಸಮವಾಗಿದೆಯೆಂದು ಖಚಿತಪಡಿಸಿಕೊಂಡ ಮೇಲೆ, ಮತ್ತೆ ಕರೆಂಟ್ ತೆಗೆದು ಮುಖ್ಯ ಬಿಂದುಗಳ ವಿ-ಐ ಗೆರೆಗಳನ್ನೂ ಡಯೋಡ್ ರೇಂಜಿನ ಅಂಕಿಗಳನ್ನೂ ಕಾರ್ಡಿನ ಪಾರ್ಟ್ ನಂಬರಿನ ಹೆಸರಿನಲ್ಲಿ ದಾಖಲಿಸಿಡಬೇಕು. ಮುಂದೆ ಅದೇ ಮಾದರಿಯ ಕಾರ್ಡ್ ಬಂದಾಗ ಹೋಲಿಸಲು ಚೆನ್ನಾಗಿರುವ ಇನ್ನೊಂದು ಕಾರ್ಡನ್ನು ಹುಡುಕಬೇಕಾಗುವುದಿಲ್ಲ.