ನೀರು ಭಾಗಪತ್ರ ನೋಡುವುದಿಲ್ಲ

ನಾಗಮಂಗಲ ಕಡೆಯ ಒಂದು ಊರು. ಗುಡ್ಡದ ಬುಡದ ಕೆಂಪು ಮಣ್ಣಿನ ಹೊಲ, ಜೋರು ಮಳೆ ಬಂದ ಮಾರನೆಯ ದಿನ. ಮೊಣಕಾಲುದ್ದದ ಕೊರಕಲು ಹಿಡಿದು ಮೇಲೆ ಹತ್ತಿದರೆ ಸಿಕ್ಕಿದ್ದು ಒಡೆದ ಬದು. ಹಿಂದೊಮ್ಮೆ ನಾನೇ ನಿಂತು ಹಾಕಿಸಿದ್ದು. ಮಣ್ಣಿನ ಬದು ನೀರನ್ನು ಕಟ್ಟಿ ನಿಲ್ಲಿಸುತ್ತದೆ. ಇಲಿ ಬಿಲವೋ ದನ ತುಳಿದ ಜಾಗವೋ ಒಂದು ಕಡೆ ಸಡಿಲಾದರೆ ಅಷ್ಟೂ ನೀರು ಅಲ್ಲೇ ನುಗ್ಗುತ್ತದೆ. ‘ಬದು ಇಲ್ಲದಿದ್ರೇ ವಾಸಿಯಿತ್ತು ಸಾರ್’ ಅಂದರು ಹೊಲದವರು. ಸುಳ್ಳೇನಲ್ಲ. ಎಕರೆಯಲ್ಲಿ 1 ಮಿಲಿಮೀಟರ್ ಮಣ್ಣು ತೊಳೆದುಹೋದರೆ ಸುಮಾರು 5 ಟನ್. ಹೋಗುವುದೂ ಗೊಬ್ಬರ ಉಂಡ ಮೇಲ್ಮಣ್ಣೇ.

ಅದೇ ಜಾಗದಲ್ಲಿ ಸಾಲಾಗಿ ನೆಟ್ಟ ಲಾವಂಚದ ಹುಲ್ಲು ನೀರನ್ನು ಕಟ್ಟುವುದಿಲ್ಲ, ಸೋಸುತ್ತದೆ. ಒತ್ತಾದ ಬುಡಗಳ ಸಂದಿಯಲ್ಲಿ ನೀರು ನಿಧಾನಕ್ಕೆ ಹಾಯುತ್ತದೆ, ಮಣ್ಣು ಹಿಂದೆ ಉಳಿದು ವರ್ಷವರ್ಷಕ್ಕೂ ಮೆಟ್ಟಿಲೇಳುತ್ತದೆ. ಬೇರು 3 ಮೀಟರ್‌ವರೆಗೂ ನೇರ ಇಳಿಯುವುದರಿಂದ ಪಕ್ಕದ ರಾಗಿಗೆ ಅಂಥ ತೊಂದರೆಯಿಲ್ಲ. ಅಗ್ನಿಪರ್ವತಗಳಿಂದೆದ್ದ ಫಿಜಿ ದ್ವೀಪಗಳ ಕಬ್ಬಿನ ಇಳಿಜಾರಿನಲ್ಲಿ ಜಾನ್ ಗ್ರೀನ್‌ಫೀಲ್ಡ್ 1950ರ ದಶಕದಲ್ಲೇ ಇದನ್ನು ನೆಡಿಸಿದ್ದರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಇದನ್ನೇ ಭಾರತದಲ್ಲಿ ಹೇಳಿಕೊಡಲು ಹೊರಟರೆ, ಆಗ ಮೈಸೂರು ಜಿಲ್ಲೆಗೆ ಸೇರಿದ್ದ ಗುಂಡ್ಲುಪೇಟೆ ಸುತ್ತಿನ ರೈತರು ತಲೆಮಾರುಗಳಿಂದ ಲಾವಂಚದ್ದೇ ಬದು ಬೆಳೆಸಿ, ಎಳೆ ಗರಿ ಕೊಯ್ದು ದನಕ್ಕೆ ಹಾಕುತ್ತಿದ್ದರು!

ತೊಡಕು ಹುಲ್ಲಿನದಲ್ಲ, ಭಾಗದ್ದು. ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುವಾಗ ಮೇಲಿನ ಕಲ್ಲುಭೂಮಿ, ಕೆಳಗಿನ ಒಳ್ಳೆ ಮಣ್ಣು ಎಲ್ಲರಿಗೂ ಬರಲಿ ಅಂತ ಮೇಲಿಂದ ಕೆಳಕ್ಕೆ ಪಟ್ಟಿ ಸೀಳುತ್ತಾರೆ. ನ್ಯಾಯವೇ. ಆದರೆ ಉಳುಮೆಯೂ ಹಾಗೇ ಆಗಿ ಪ್ರತಿ ನೇಗಿಲ ಸಾಲೂ ಕಾಲುವೆಯಾಗುತ್ತದೆ. ಸಮಪಾತಳಿ ಸಾಲು, ಅಂದರೆ ಇಳಿಜಾರಿಗೆ ಅಡ್ಡವಾಗಿ ಒಂದೇ ಮಟ್ಟದಲ್ಲಿ ಸಾಗುವ ಹುಲ್ಲಿನ ಸಾಲು, ಈ ಹೊಲದ ನಾಲ್ವರು ಅಣ್ಣತಮ್ಮಂದಿರ ಪಟ್ಟಿಗಳನ್ನೂ ಹಾಯಬೇಕು. ಒಬ್ಬ ಒಲ್ಲೆ ಅಂದರೆ ಅಲ್ಲಿ ನೀರಿಗೆ ಬಾಯಿ ತೆರೆದಂತೆ.

ಈ ಸಲ ನಕ್ಷೆ ಬಿಚ್ಚಲಿಲ್ಲ. ಮಟ್ಟ ನೋಡಲು ತುದಿ ಸೇರಿಸಿ ಕಟ್ಟಿದ ಎರಡು ಗಳ, ಒಂದು ಅಡ್ಡಪಟ್ಟಿ, ದಾರಕ್ಕೆ ತೂಗುಬಿಟ್ಟ ಕಲ್ಲು, ಅಷ್ಟೇ. ಅವರವರ ಪಟ್ಟಿಗೆ ಅವರೇ ಗೂಟ ಹೊಡೆದರು. ಮೂರನೆಯವನ ಪಟ್ಟಿಯಲ್ಲಿ ಸಾಲು ಮೇಲೇರಿದಂತೆ ಕಂಡು, ‘ನನ್ನ ಜಾಗ ಒತ್ತರಿಸ್ತೀರಾ’ ಅಂತ ಜಗಳ. ಗೂಟದ ಬುಡಕ್ಕೆ ಒಂದು ಬಿಂದಿಗೆ ನೀರು ಸುರಿದೆವು. ಅದು ಸಾಲಿನುದ್ದ ಹರಿಯದೆ ನೇರ ಕೆಳಗಿಳಿಯಿತು; ಸಾಲು ಮಟ್ಟವಾಗಿಯೇ ಇದೆ ಅಂತಾಯಿತು. ಮಾತು ನಿಂತಿತು.

ಮುಂಗಾರು ಹಿಡಿದ ಮೇಲೆ, 10–15 ಸೆಂಟಿಮೀಟರಿಗೊಂದು ಬುಡದಂತೆ ನೆಡಬೇಕು. ಸಾಲು ಕೂಡಿಕೊಳ್ಳಲು 2–3 ವರ್ಷ ಬೇಕು. ಬೇರಿಗೆ ಬೆಲೆಯಿದೆ ಅಂತ ಆಸೆಪಡುವವರು ಅದಕ್ಕೆ ಬೇರೆ ಮಡಿ ಮಾಡಿಕೊಳ್ಳಲಿ; ಬದುವಿನದಕ್ಕೆ ಗುದ್ದಲಿ ಹಾಕಬಾರದು.

ಮೊದಲ ಬೇಸಿಗೆಗೆ ಮೂರನೆಯವನ ಪಟ್ಟಿಯಲ್ಲಿ ಹನ್ನೊಂದು ಬುಡ ಒಣಗಿವೆ. ಮಳೆ ಬಂದರೆ ಕಂದು ಕೊಡುತ್ತೇನೆ ಅಂದಿದ್ದಾನೆ, ಅವನ ಕೆಳಗಿನ ತಮ್ಮ.